ಚಿತ್ರ ನಗರ ಸೇರಿತು, ಕಣ್ಣು ಹಳ್ಳಿಯಲ್ಲೇ ಉಳಿಯಿತು

ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೆ ಊರಿನ ಋಣ ತೀರಿಸಲು ಒಂದು ಸುಲಭದ ದಾರಿ ಸಿಕ್ಕಿದೆ: ನೇತ್ರ ತಪಾಸಣಾ ಶಿಬಿರ. ರಾಜ್ಯೋತ್ಸವದ ವಂತಿಗೆಯಲ್ಲಿ ಮಿಕ್ಕ ಹಣವನ್ನು ಕೂಡಿಸಿ ನಾವೂ ಒಮ್ಮೆ ಕಲಬುರಗಿ ಸೀಮೆಯ ಹಳ್ಳಿಯೊಂದರಲ್ಲಿ ಅಂಥ ಶಿಬಿರ ನಡೆಸಿದೆವು. ಶಾಲೆಯ ಕೋಣೆಯಲ್ಲಿ ಕ್ಯಾಮೆರಾ ಇಟ್ಟು, ಕಣ್ಣಿನ ಚಿತ್ರಗಳನ್ನು ನಗರದ ವೈದ್ಯರಿಗೆ ಕಳುಹಿಸಲಾಯಿತು. ಸಂಜೆಯೊಳಗೆ ವರದಿ ಬಂತು. ಬ್ಯಾನರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೆಮ್ಮೆಯಿಂದ ಮರಳಿದೆವು. ಕೆಲವು ತಿಂಗಳ ಬಳಿಕ ನಮ್ಮವರು ಅದೇ ಊರಿಗೆ ಹೋದಾಗ, ಪೊರೆಯ ಶಸ್ತ್ರಚಿಕಿತ್ಸೆಗೆಂದು ಚೀಟಿ ಪಡೆದ ಅಜ್ಜಿಯೊಬ್ಬಳು ಕೇಳಿದಳು: “ಫೋಟೋ ಹಿಡ್ಕೊಂಡು ಹೋದ್ರಿ, ಕಣ್ಣಿಗೇನ್ ಮಾಡಿದ್ರಿ?” ಚೀಟಿ ಇನ್ನೂ ಅವಳ ಮನೆಯ ಗೂಡಿನಲ್ಲಿತ್ತು.

ನಮ್ಮ ನಿಲುವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ದೂರದಿಂದ ತಪಾಸಣೆ ನಡೆಸುವ ತಂತ್ರಜ್ಞಾನದ ಮೇಲೆ ನಮಗೆ ಮುನಿಸಿಲ್ಲ. ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿ ಆರಂಭದಲ್ಲಿ ರೋಗಿಗೆ ತಿಳಿಯುವುದೇ ಇಲ್ಲ. ಗ್ಲಾಕೋಮಾ ಕಸಿದುಕೊಂಡ ದೃಷ್ಟಿ ಮರಳುವುದಿಲ್ಲ. ಇವನ್ನು ಗುರುತಿಸಬಲ್ಲ ತಜ್ಞರು ಹೆಚ್ಚಾಗಿ ನಗರಗಳಲ್ಲಿರುವಾಗ, ರೋಗಿಗಿಂತ ಮೊದಲು ಚಿತ್ರ ಪ್ರಯಾಣ ಮಾಡುವುದು ವಿವೇಕವೇ. ನಮ್ಮ ಆಕ್ಷೇಪವಿರುವುದು ಲೆಕ್ಕ ಇಡುವ ರೀತಿಯ ಬಗ್ಗೆ. ಎಷ್ಟು ಜನರನ್ನು ತಪಾಸಣೆ ಮಾಡಿದೆವೆಂದು ಎಣಿಸುತ್ತೇವೆ. ಅವರಲ್ಲಿ ಎಷ್ಟು ಜನರಿಗೆ ಕನ್ನಡಕ ಸಿಕ್ಕಿತು, ಎಷ್ಟು ಜನರಿಗೆ ಶಸ್ತ್ರಚಿಕಿತ್ಸೆಯಾಯಿತು ಎಂದು ಕೇಳುವುದಿಲ್ಲ.

ಚೀಟಿ ಗೂಡಿನಲ್ಲೇ ಉಳಿಯುವುದಕ್ಕೆ ಹಳ್ಳಿಯವರ ಅಜ್ಞಾನ ಕಾರಣವೆಂದು ಹೇಳುವುದು ನಮಗೆ ರೂಢಿಯಾಗಿದೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಜಿಲ್ಲಾ ಕೇಂದ್ರದವರೆಗೆ ಬಸ್ಸಿನ ಖರ್ಚು, ಜೊತೆಗೆ ಬರುವ ಮಗನ ಕೂಲಿ, ಮನೆಯಲ್ಲಿ ಎಮ್ಮೆಗೆ ಮೇವು ಹಾಕುವವರಿಲ್ಲದ ಚಿಂತೆ, ದೊಡ್ಡ ಆಸ್ಪತ್ರೆಯಲ್ಲಿ ಯಾರನ್ನು ಏನು ಕೇಳಬೇಕೆಂಬ ಅಳುಕು, ಇವೆಲ್ಲ ಸೇರಿ ಆ ಅಜ್ಜಿಯನ್ನು ತಡೆದವು. ಶಸ್ತ್ರಚಿಕಿತ್ಸೆ ಉಚಿತವಾಗಿತ್ತು, ಅಲ್ಲಿಗೆ ತಲುಪುವುದು ಉಚಿತವಾಗಿರಲಿಲ್ಲ.

ಇದನ್ನು ಬಹಳ ಹಿಂದೆಯೇ ಅರಿತವರು ನಮ್ಮ ನಡುವೆ ಇದ್ದರು. ಡಾ. ಎಂ. ಸಿ. ಮೋದಿಯವರು ಶಸ್ತ್ರಚಿಕಿತ್ಸೆಯನ್ನೇ ಊರೂರಿಗೆ ಕೊಂಡೊಯ್ದರು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಮಧುರೈಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ, ಶಿಬಿರದಲ್ಲಿ ಗುರುತಿಸಿದವರನ್ನು ಬಸ್ಸಿನಲ್ಲಿ ಕರೆತಂದು, ಊಟ ವಸತಿ ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿ ಊರಿಗೆ ಮರಳಿ ಬಿಡುವ ಪದ್ಧತಿಯನ್ನು ಬೆಳೆಸಿತು. ಇಂದು ಅದರ ಗ್ರಾಮೀಣ ದೃಷ್ಟಿಕೇಂದ್ರಗಳಲ್ಲಿ ತಂತ್ರಜ್ಞೆಯೊಬ್ಬಳು ಕಣ್ಣು ಪರೀಕ್ಷಿಸುತ್ತಾಳೆ, ವೈದ್ಯರು ಪರದೆಯ ಮೂಲಕ ರೋಗಿಯೊಡನೆ ಮಾತಾಡುತ್ತಾರೆ. ಅದು ಒಂದು ದಿನದ ಶಿಬಿರವಲ್ಲ. ನಾಳೆಯೂ ಬಾಗಿಲು ತೆರೆದಿರುತ್ತದೆ.

ಕರ್ನಾಟಕದಲ್ಲೇ ಇನ್ನೊಂದು ನಿದರ್ಶನವಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಶಾಶ್ವತ ಕುರುಡುತನ ಬರಬಹುದು. ಹುಟ್ಟಿದ 30 ದಿನಗಳೊಳಗೆ ಮೊದಲ ಪರೀಕ್ಷೆ ಆಗಬೇಕು. ರೋಗ ತೀವ್ರವಾಗಿದ್ದರೆ ಚಿಕಿತ್ಸೆ ಎರಡು ಮೂರು ದಿನಗಳಲ್ಲೇ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯ ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ತಜ್ಞರು ದೂರದಿಂದಲೇ ಚಿತ್ರ ನೋಡುತ್ತಾರೆ. ಲೇಸರ್ ಚಿಕಿತ್ಸೆಯನ್ನೂ ಮಗುವಿದ್ದಲ್ಲಿಗೆ ತರುತ್ತಾರೆ. ಇಲ್ಲಿ ಚಿತ್ರ ತೆಗೆಯುವುದು ಚಿಕಿತ್ಸೆಯ ಮೊದಲ ಹೆಜ್ಜೆ. ನಮ್ಮ ಶಿಬಿರದಲ್ಲಿ ಅದೇ ಕೊನೆಯ ಹೆಜ್ಜೆಯಾಗಿತ್ತು.

ಯಂತ್ರಕ್ಕೆ ಬುದ್ಧಿ ಬಂದಿದೆ, ಇನ್ನು ವೈದ್ಯರೂ ಬೇಡ ಎನ್ನುವವರಿಗೆ ಥಾಯ್ಲೆಂಡಿನ ಅನುಭವವನ್ನು ನೆನಪಿಸುತ್ತೇವೆ. ಮಧುಮೇಹಿಗಳ ಅಕ್ಷಿಪಟಲವನ್ನು ಪರಿಶೀಲಿಸುವ ಗೂಗಲ್‌ನ ಕೃತಕ ಬುದ್ಧಿಮತ್ತೆಯನ್ನು ಅಲ್ಲಿನ ಚಿಕಿತ್ಸಾಲಯಗಳಲ್ಲಿ ಬಳಸಿದಾಗ, ಐದರಲ್ಲಿ ಒಂದರಷ್ಟು ಚಿತ್ರಗಳನ್ನು ಸ್ಪಷ್ಟವಾಗಿಲ್ಲವೆಂದು ಅದು ತಿರಸ್ಕರಿಸಿತು. ಕೋಣೆಗಳು ಸಾಕಷ್ಟು ಕತ್ತಲಾಗಿರಲಿಲ್ಲ, ಅಂತರ್ಜಾಲ ನಿಧಾನವಾಗಿತ್ತು. ಚಿತ್ರ ತಿರಸ್ಕೃತವಾದವರು ಮತ್ತೊಂದು ದಿನ ದೂರದ ತಜ್ಞರ ಬಳಿಗೆ ಹೋಗಬೇಕಾಯಿತು. 2020ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಬರೆದವರಲ್ಲಿ ಗೂಗಲ್‌ನ ಸಂಶೋಧಕರೇ ಇದ್ದರು. ಪ್ರಯೋಗಾಲಯದಲ್ಲಿ ಗೆದ್ದ ಯಂತ್ರ ಊರಿನಲ್ಲಿ ಮತ್ತೆ ಬಸ್ಸಿನ ಪ್ರಶ್ನೆಗೇ ಬಂದು ನಿಂತಿತು.

ಏನೂ ಇಲ್ಲದಿರುವುದಕ್ಕಿಂತ ತಪಾಸಣೆಯಾದರೂ ಮೇಲಲ್ಲವೇ ಎಂದು ನಮ್ಮ ಗೆಳೆಯರು ಕೇಳುತ್ತಾರೆ. ಅಲ್ಲ ಎಂದೇ ನಮ್ಮ ಉತ್ತರ. ಕಣ್ಣು ಕುರುಡಾಗುತ್ತಿದೆ ಎಂದು ತಿಳಿಸಿ ಕೈಬಿಟ್ಟವರನ್ನು ಊರು ಮರೆಯುವುದಿಲ್ಲ. ಮುಂದಿನ ಬಾರಿ ಚಿಕಿತ್ಸೆ ಕೊಡುವವರೇ ಬಂದರೂ ಆ ಅಜ್ಜಿ ಮನೆಯಿಂದ ಹೊರಬರಲಾರಳು.

ಇದರಲ್ಲಿ ನಮಗೆ ಇನ್ನೂ ಹತ್ತಿರದ ಹೊಣೆಯೊಂದಿದೆ. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದಿಗೆ ಬಂದವರು ನಮ್ಮ ಮನೆಗಳನ್ನು ಕಟ್ಟುತ್ತಿದ್ದಾರೆ. ಊರಿನ ಶಿಬಿರದಲ್ಲಿ ಚೀಟಿ ಪಡೆದವನು ಶಸ್ತ್ರಚಿಕಿತ್ಸೆಯ ದಿನ ಪುಣೆಯ ಕಟ್ಟಡವೊಂದರ ಕೆಲಸದಲ್ಲಿರುತ್ತಾನೆ. ಇಲ್ಲಿನ ಆಸ್ಪತ್ರೆಯಲ್ಲಿ ಅವನ ಚಿತ್ರವೂ ಇಲ್ಲ, ಅವನ ಮಾತು ತಿಳಿಯುವವರೂ ಇಲ್ಲ. ಅವನ ಜೊತೆ ಹೋಗಿ ಎರಡು ಮಾತು ಮರಾಠಿಯಲ್ಲೋ ತೆಲುಗಿನಲ್ಲೋ ಹೇಳಬಲ್ಲವರು ನಾವು. ಅದನ್ನು ಬಿಟ್ಟು ದೂರದ ಊರಿಗೆ ಕ್ಯಾಮೆರಾ ಕಳುಹಿಸುತ್ತಿದ್ದೇವೆ.

ಆದ್ದರಿಂದ ನಮ್ಮ ಬಳಗ ನಿರ್ಧರಿಸಿದೆ: ಕೊನೆಯ ರೋಗಿ ಚಿಕಿತ್ಸೆ ಪಡೆದು ಮನೆಗೆ ಮರಳುವವರೆಗಿನ ಖರ್ಚು ಮತ್ತು ಹೊಣೆ ಯಾರದೆಂದು ಬರೆದುಕೊಡದ ಯಾವ ತಪಾಸಣಾ ಶಿಬಿರಕ್ಕೂ ಇನ್ನು ವಂತಿಗೆ ಕೊಡುವುದಿಲ್ಲ. ಉಳಿದ ಸಂಘಗಳೂ ಇದನ್ನೇ ಕೇಳಲಿ. ಸರ್ಕಾರದ ಅಂಕಿಅಂಶಗಳ ಮುಂದೆಯೂ ಇದೇ ಪ್ರಶ್ನೆಯನ್ನಿಡಲಿ. ಈ ವರ್ಷ ನಮ್ಮ ಹಣದಲ್ಲಿ ಹೊಸ ಕ್ಯಾಮೆರಾ ಬರುವುದಿಲ್ಲ. ಆ ಊರಿನಿಂದ ಆಸ್ಪತ್ರೆಗೆ ಒಂದು ಬಸ್ಸು ಹೊರಡುತ್ತದೆ. ಮೊದಲ ಆಸನ ಆ ಅಜ್ಜಿಯದು.