ಜೆಟ್ಟಿಂಗ್ ಯಂತ್ರ ಬಂದರೂ ತಪ್ಪದ ಮ್ಯಾನ್‌ಹೋಲ್ ಭೀತಿ

ಮಂಗಳೂರು: ಮಳೆಗಾಲದಲ್ಲಿ ನಗರದ ಮ್ಯಾನ್‌ಹೋಲ್‌ಗಳು ಉಕ್ಕಿ ಹರಿಯುವುದು ಹೊಸ ಸಂಗತಿಯೇನಲ್ಲ. ವಾರ್ಷಿಕ ಸುಮಾರು 3,500 ಮಿ.ಮೀ.ಗೂ ಅಧಿಕ ಮಳೆ ಸುರಿಯುವ ಈ ಊರಿನಲ್ಲಿ, ಮನೆಗಳ ಛಾವಣಿಯ ನೀರನ್ನು ಒಳಚರಂಡಿಗೆ ಬಿಟ್ಟರೆ ಕೊಳವೆಗಳು ತಾಳಲಾರವು. ಅದರೊಂದಿಗೆ ಮರಳು, ಪ್ಲಾಸ್ಟಿಕ್ ಸೇರಿದರೆ ಹರಿವೇ ನಿಲ್ಲುತ್ತದೆ. ಆಗ ನೆನಪಾಗುವುದು ಜೆಟ್ಟಿಂಗ್ ಯಂತ್ರ.

ಇದರ ಪೈಪನ್ನು ತಗ್ಗಿನ ಮ್ಯಾನ್‌ಹೋಲ್‌ನಿಂದ ಮೇಲ್ಮುಖವಾಗಿ ಬಿಡಲಾಗುತ್ತದೆ. ಮೂತಿಯ ಹಿಂಬದಿಯ ರಂಧ್ರಗಳಿಂದ ಚಿಮ್ಮುವ ನೀರಿನ ಒತ್ತಡವೇ ಅದನ್ನು ಮುಂದಕ್ಕೆ ತಳ್ಳುತ್ತದೆ. ಹಿಂದಕ್ಕೆಳೆದಾಗ ಹೂಳು ಮ್ಯಾನ್‌ಹೋಲ್‌ಗೆ ಬಂದು ಬೀಳುತ್ತದೆ. ಆ ಹೂಳನ್ನು ಮೇಲೆತ್ತುವವರಾರು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಜತೆಗೆ ಸಕ್ಕಿಂಗ್ ಯಂತ್ರ ಇಲ್ಲದಿದ್ದಲ್ಲಿ ಕಾರ್ಮಿಕನೇ ಗುಂಡಿಗಿಳಿಯಬೇಕಾದೀತು. ಅಲ್ಲಿ ತುಂಬಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣಾರ್ಧದಲ್ಲಿ ಪ್ರಾಣ ತೆಗೆಯಬಲ್ಲದು.

ರಕ್ಷಣಾ ಸಾಧನಗಳಿಲ್ಲದೆ ಕಾರ್ಮಿಕರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಪಾಲಿಕೆಗೆ ಮಾತ್ರವಲ್ಲ, ವಸತಿ ಸಮುಚ್ಚಯಗಳ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಒಳಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂ.ಗೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಶುಚಿಗೊಳಿಸುವುದನ್ನು ನಿಲ್ಲಿಸುವಂತೆ ಆದೇಶಿಸಿತು. ಆ ಪಟ್ಟಿಯಲ್ಲಿ ಮಂಗಳೂರು ಇಲ್ಲ. ಆದರೆ ಕಾಯ್ದೆ ಇಲ್ಲಿಯೂ ಜಾರಿಯಲ್ಲಿದೆ.

ಆದ್ದರಿಂದ ಜೆಟ್ಟಿಂಗ್ ಯಂತ್ರದ ಖರೀದಿಯೊಂದೇ ಪರಿಹಾರವಲ್ಲ. ಹೂಳೆತ್ತುವ ಕೊನೆಯ ಹಂತವೂ ಯಂತ್ರದಿಂದಲೇ ನಡೆಯಬೇಕು. ಛಾವಣಿಯ ನೀರು ಮಳೆನೀರಿನ ಚರಂಡಿಗೇ ಸೇರಬೇಕು. ಮೊದಲನೆಯದು ಆಡಳಿತದ ಹೊಣೆಯಾದರೆ, ಎರಡನೆಯದು ನಾಗರಿಕರದ್ದು.