ಅಂಗಡಿ ನೌಕರರಿಗೂ ಸಂಘ ಬೇಕು

ನಮ್ಮ ಪಟ್ಟಣಗಳ ಪೇಟೆಯಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದು ಸಂಘವಿದೆ. ವರ್ತಕರಿಗೆ ಸಂಘವಿದೆ, ಹೋಟೆಲ್ ಮಾಲಿಕರಿಗೆ ಸಂಘವಿದೆ, ಔಷಧ ವ್ಯಾಪಾರಿಗಳಿಗೆ ಸಂಘವಿದೆ. ಆಟೋ ಚಾಲಕರು ನಿಲ್ದಾಣದಲ್ಲಿ ತಮ್ಮ ಫಲಕ ನೆಟ್ಟಿದ್ದಾರೆ. ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲರು ಕೂಡಾ ಕೂಲಿಯ ದರವನ್ನು ಒಟ್ಟಾಗಿ ಕೇಳಲು ಕಲಿತಿದ್ದಾರೆ. ಆದರೆ ಬಟ್ಟೆಯಂಗಡಿಯಲ್ಲಿ ದಿನವಿಡೀ ಸೀರೆ ಬಿಡಿಸಿ ಮಡಚುವ ಯುವತಿಗೆ, ಚಪ್ಪಲಿ ಅಂಗಡಿಯಲ್ಲಿ ಗಿರಾಕಿಯ ಕಾಲಬುಡದಲ್ಲಿ ಕೂರುವ ಹುಡುಗನಿಗೆ, ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ನಡುವಯಸ್ಸಿನ ಗೃಹಸ್ಥನಿಗೆ ಮಾತ್ರ ಸಂಘವಿಲ್ಲ. ಈ ನೌಕರರು ಕಾರ್ಮಿಕ ಸಂಘ ಸೇರಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಸಮುದಾಯದ ಹಿರಿಯರು ಮುಜುಗರಪಡುತ್ತಾರೆ. ಆದ್ದರಿಂದಲೇ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕೆಂದು ನಾವು ಬಯಸುತ್ತೇವೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿ ಇದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಅದನ್ನು ಕಟ್ಟಿಸಿದ. ಅದು ದೋರಸಮುದ್ರ ರಾಜಧಾನಿಯಾಗಿದ್ದ ಕಾಲ. ಆಗಿನ ಕನ್ನಡ ನಾಡಿನ ವರ್ತಕರು ಒಬ್ಬಂಟಿಗರಾಗಿರಲಿಲ್ಲ. ಅಯ್ಯಾವೊಳೆ ಐನೂರ್ವರು ಎಂಬ ಅವರ ಸಂಘಟನೆಯ ಹೆಸರು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇಲೂರಿನ ಶಿಲ್ಪಿಗಳೂ ಹೆಸರಿಲ್ಲದವರಾಗಿರಲಿಲ್ಲ. ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂಬತ್ತು ಶತಮಾನಗಳ ಹಿಂದೆ ಕಲ್ಲು ಕಡೆದವನ ಹೆಸರನ್ನು ನಾವು ಇಂದಿಗೂ ಓದಬಲ್ಲೆವು. ಆದರೆ ಅದೇ ಊರುಗಳ ಅಂಗಡಿಯಲ್ಲಿ ಇಂದು ದುಡಿಯುತ್ತಿರುವವನ ಹೆಸರು ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಇದೆಂಥ ವಿಪರ್ಯಾಸ!

ಕಾನೂನು ಇಲ್ಲವೆಂದಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಬಂತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು ಅದು ಮಿತಿ ಹಾಕಿತು. ಸತತ ಐದು ಗಂಟೆ ದುಡಿದವನಿಗೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನ, ಲಿಖಿತ ನೇಮಕಾತಿ ಪತ್ರ, ಇವೆಲ್ಲ ಆ ಕಾಯ್ದೆಯಲ್ಲಿವೆ. ಹತ್ತು ಮಂದಿ ದುಡಿಯುವ ಅಂಗಡಿಗೆ ಇ.ಎಸ್.ಐ., ಇಪ್ಪತ್ತು ಮಂದಿ ದುಡಿಯುವಲ್ಲಿ ಭವಿಷ್ಯನಿಧಿ ಅನ್ವಯವಾಗುತ್ತದೆ. ಈಗ ಓದುಗರು ತಮ್ಮ ಮನೆಯ ಅಥವಾ ನೆರೆಮನೆಯ ಅಂಗಡಿ ನೌಕರನನ್ನು ಕೇಳಿ ನೋಡಲಿ. ಇವುಗಳಲ್ಲಿ ಎಷ್ಟು ಅವನಿಗೆ ಸಿಕ್ಕಿವೆ? ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದವನು ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿದರೆ ಅದು ಎಷ್ಟು ಗಂಟೆಯ ದುಡಿಮೆ? ನೇಮಕಾತಿ ಪತ್ರ ಕೇಳುವ ಧೈರ್ಯ ಯಾರಿಗಿದೆ? ಕೇಳಿದವನಿಗೆ ನಾಳೆಯಿಂದ ಬರಬೇಡ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾಯ್ದೆಯ ಪುಸ್ತಕ ಮತ್ತು ಅಂಗಡಿಯ ಗಲ್ಲಾ ಪೆಟ್ಟಿಗೆಯ ನಡುವಿನ ಈ ದೂರವನ್ನು ಒಬ್ಬನೇ ನೌಕರ ಕ್ರಮಿಸಲಾರ. ಅದಕ್ಕಾಗಿಯೇ ಸಂಘ ಬೇಕಾಗುತ್ತದೆ.

ಇದು ಬರಿಯ ತರ್ಕವಲ್ಲ ಎಂಬುದಕ್ಕೆ ನಮ್ಮದೇ ಮನೆಗಳಲ್ಲಿ ಸಾಕ್ಷಿ ಇದೆ. ಕರಾವಳಿಯ ಸಾವಿರಾರು ಮುಸ್ಲಿಮ್ ಕುಟುಂಬಗಳು ತಾಯಂದಿರು ಕಟ್ಟಿದ ಬೀಡಿಯಿಂದ ಬದುಕಿದವು. ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸು ಕಾರ್ಮಿಕಳೇ ಅಲ್ಲ ಎಂಬ ವಾದವಿತ್ತು. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂದಾಗ ಬೀಡಿ ಉದ್ಯಮಿಗಳು ಸುಪ್ರೀಮ್ ಕೋರ್ಟಿನವರೆಗೂ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಅದೇ ಕೋರ್ಟು ಹೇಳಿತು. ಈ ಹಕ್ಕುಗಳನ್ನು ಯಾವ ಕಂಪೆನಿಯೂ ತಾನಾಗಿ ತಂದು ಮನೆಬಾಗಿಲಿಗೆ ಕೊಡಲಿಲ್ಲ. ಬೀಡಿ ಕಾರ್ಮಿಕರ ಸಂಘಗಳು ವರ್ಷಗಟ್ಟಲೆ ಬೀದಿಗಿಳಿದು ಅವುಗಳನ್ನು ಪಡೆದವು. ಆ ಭವಿಷ್ಯನಿಧಿಯ ಹಣದಿಂದ ಮಗಳ ಮದುವೆ ಮಾಡಿದ, ಮಗನನ್ನು ಓದಿಸಿದ ತಾಯಂದಿರು ನಮ್ಮ ನಡುವೆ ಇದ್ದಾರೆ. ಅವರ ಮೊಮ್ಮಕ್ಕಳು ಇಂದು ಗಾಜಿನ ಬಾಗಿಲಿನ ಮಳಿಗೆಗಳಲ್ಲಿ ದುಡಿಯುತ್ತಿದ್ದಾರೆ. ಅಜ್ಜಿಗೆ ಇದ್ದ ರಕ್ಷಣೆ ಮೊಮ್ಮಗಳಿಗೆ ಇಲ್ಲದಿರುವುದನ್ನು ಪ್ರಗತಿ ಎನ್ನಲಾದೀತೇ?

ನೆರೆಯ ಕೇರಳದ ಉದಾಹರಣೆಯೂ ಮುಂದಿದೆ. ಅಲ್ಲಿನ ಜವಳಿ ಮಳಿಗೆಗಳಲ್ಲಿ ಹೆಣ್ಣುಮಕ್ಕಳಿಗೆ ದಿನವಿಡೀ ಕೂರಲು ಅವಕಾಶವಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲೂ ನಿಂತೇ ಇರಬೇಕಿತ್ತು. ಶೌಚಾಲಯವಿಲ್ಲದ ಕಾರಣ ನೀರು ಕುಡಿಯದೆ ದಿನ ಕಳೆಯುತ್ತಿದ್ದವರಿದ್ದರು. ಕೋಝಿಕ್ಕೋಡಿನಲ್ಲಿ ಪಿ. ವಿಜಿ ಎಂಬ ದರ್ಜಿ ಮಹಿಳೆ ಇವರನ್ನು ಒಗ್ಗೂಡಿಸಿದರು. ಶೌಚಾಲಯಕ್ಕಾಗಿ ಆರಂಭವಾದ ಹೋರಾಟ ಕುಳಿತುಕೊಳ್ಳುವ ಹಕ್ಕಿನ ಹೋರಾಟವಾಗಿ ಬೆಳೆಯಿತು. ಕೊನೆಗೆ 2018ರಲ್ಲಿ ಕೇರಳ ಸರಕಾರ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಆಸನದ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಸ್ಟೂಲಿಗಾಗಿ ಕಾನೂನು ಬೇಕಾಯಿತೇ ಎಂದು ನಗುವವರು, ಆ ಸ್ಟೂಲನ್ನು ಯಾರೂ ಕೇಳದೆಯೇ ಕೊಟ್ಟಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಆದರೂ ನಮ್ಮವರಲ್ಲಿ ಅಳುಕಿದೆ. ಸಂಘವೆಂದರೆ ಕೆಂಪು ಬಾವುಟ, ಸಂಘವೆಂದರೆ ಜಗಳ, ಧರ್ಮನಿಷ್ಠನಿಗೆ ತಾಳ್ಮೆಯೇ ಭೂಷಣ ಎಂಬ ಮಾತು ಕೇಳಿಬರುತ್ತದೆ. ತಾಳ್ಮೆ ನಿಜಕ್ಕೂ ದೊಡ್ಡ ಗುಣ. ಆದರೆ ಅನ್ಯಾಯವನ್ನು ಸಹಿಸಿಕೊಂಡು ಸುಮ್ಮನಿರುವುದಕ್ಕೆ ಇಸ್ಲಾಮ್ ತಾಳ್ಮೆ ಎಂಬ ಹೆಸರು ಕೊಟ್ಟಿಲ್ಲ. ಪ್ರವಾದಿ ಮುಹಮ್ಮದ್(ಸ)ರ ಯೌವನದಲ್ಲಿ ಮಕ್ಕಾದ ಪೇಟೆಯಲ್ಲಿ ಯಮನ್‌ನ ವ್ಯಾಪಾರಿಯೊಬ್ಬನಿಂದ ಸರಕು ಪಡೆದ ಸ್ಥಳೀಯ ಪ್ರಮುಖನೊಬ್ಬ ಹಣ ಕೊಡದೆ ವಂಚಿಸಿದ. ಪರವೂರಿನವನಾದ ಆತನಿಗೆ ಅಲ್ಲಿ ಬಂಧುಬಳಗವಿರಲಿಲ್ಲ. ಆಗ ಅಬ್ದುಲ್ಲಾ ಬಿನ್ ಜುದ್‌ಆನರ ಮನೆಯಲ್ಲಿ ಕೆಲವರು ಸೇರಿ, ಮರ್ದಿತನು ಯಾರೇ ಆಗಿರಲಿ, ಅವನ ಹಕ್ಕು ಮರಳುವ ತನಕ ಒಟ್ಟಾಗಿ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಇದೇ ಹಿಲ್ಫುಲ್ ಫುಝೂಲ್. ಪ್ರವಾದಿ(ಸ)ರು ಅದರಲ್ಲಿ ಪಾಲ್ಗೊಂಡಿದ್ದರು. ಪ್ರವಾದಿತ್ವ ದೊರೆತ ಬಳಿಕವೂ, ಅಂಥ ಒಪ್ಪಂದಕ್ಕೆ ಕರೆದರೆ ತಾನು ಹೋಗುವೆನೆಂದು ಅವರು ತಿಳಿಸಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಆ ಒಪ್ಪಂದ ಮಾಡಿಕೊಂಡವರಲ್ಲಿ ಇತರರು ಮುಸ್ಲಿಮರಾಗಿರಲಿಲ್ಲ. ಅವರನ್ನು ಬೆಸೆದದ್ದು ನ್ಯಾಯ. ಪೇಟೆಯ ಅನ್ಯಾಯದ ವಿರುದ್ಧ ಒಟ್ಟಾಗುವುದು ಧರ್ಮಕ್ಕೆ ಹೊರಗಿನ ವಿಚಾರ ಎನ್ನುವವರು ಈ ಘಟನೆಯನ್ನು ಮತ್ತೊಮ್ಮೆ ಓದಬೇಕು.

ಇಲ್ಲಿ ಇನ್ನೊಂದು ಕಹಿಸತ್ಯವನ್ನೂ ಹೇಳಲೇಬೇಕು. ಅಂಗಡಿ ನೌಕರರಲ್ಲಿ ನಮ್ಮವರಿರುವಂತೆ ಅಂಗಡಿ ಮಾಲಿಕರಲ್ಲೂ ನಮ್ಮವರಿದ್ದಾರೆ. ರಮಝಾನ್ ತಿಂಗಳ ಕೊನೆಯ ದಿನಗಳಲ್ಲಿ ಬಟ್ಟೆ, ಚಪ್ಪಲಿ, ಫ್ಯಾನ್ಸಿ ಅಂಗಡಿಗಳು ಮಧ್ಯರಾತ್ರಿಯವರೆಗೂ ತೆರೆದಿರುತ್ತವೆ. ಉಪವಾಸವಿದ್ದ ನೌಕರ ಖರ್ಜೂರ ಬಾಯಿಗಿಟ್ಟು ಮತ್ತೆ ಕೌಂಟರಿಗೆ ಓಡುತ್ತಾನೆ. ತರಾವೀಹ್ ಅವನ ಪಾಲಿಗಿಲ್ಲ. ಹೆಚ್ಚುವರಿ ಗಂಟೆಗಳಿಗೆ ಸಂಬಳವೂ ಇಲ್ಲ. ಆದರೆ ಅದೇ ಮಾಲಿಕರು ಹಬ್ಬದ ಮುನ್ನಾದಿನ ಝಕಾತ್ ಹಂಚುತ್ತಾರೆ. ಅದರಲ್ಲೊಂದು ಪಾಲು ಅದೇ ನೌಕರನ ಕೈಗೆ ಬೀಳುತ್ತದೆ. ಆತ ತಲೆ ತಗ್ಗಿಸಿ ಅದನ್ನು ಪಡೆಯುತ್ತಾನೆ. ತನಗೆ ಹಕ್ಕಾಗಿ ಬರಬೇಕಾದದ್ದನ್ನು ಅವನು ದಾನವಾಗಿ ಪಡೆಯಬೇಕಾಗಿದೆ! ವೇತನವು ಸಾಲ, ಝಕಾತ್ ಆರಾಧನೆ. ಒಂದನ್ನು ಕೊಟ್ಟು ಇನ್ನೊಂದರಿಂದ ಮುಕ್ತಿ ಪಡೆಯಲಾಗದು. ಬೆವರು ಆರುವ ಮೊದಲೇ ಕೂಲಿ ಸಂದಾಯವಾಗಬೇಕೆಂಬ ಪ್ರವಾದಿ(ಸ)ರ ಆದೇಶ ನಮ್ಮ ಮಕ್ಕಳಿಗೂ ಬಾಯಿಪಾಠವಾಗಿದೆ. ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಅಂತಿಮ ದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಎಚ್ಚರಿಕೆಯನ್ನು ಮಾತ್ರ ನಮ್ಮ ಮಿಂಬರ್‌ಗಳಿಂದ ಅಪರೂಪಕ್ಕೆ ಕೇಳುತ್ತೇವೆ. ತೂಕ ಮತ್ತು ಅಳತೆಯಲ್ಲಿ ಕಡಿತ ಮಾಡುವವರನ್ನು ಪವಿತ್ರ ಕುರ್‌ಆನ್ ತೀಕ್ಷ್ಣವಾಗಿ ಖಂಡಿಸಿದೆ. ಸಕ್ಕರೆಯನ್ನು ಸರಿಯಾಗಿ ತೂಗಿ, ನೌಕರನ ದುಡಿಮೆಯನ್ನು ಕಡಿಮೆ ತೂಗಿದರೆ ಅದು ಕಡಿತವಲ್ಲವೇ?

ಮಾಲಿಕರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಎರಡು ಮಂದಿಯನ್ನಿಟ್ಟು ಸಣ್ಣ ಅಂಗಡಿ ನಡೆಸುವವನು ದೊಡ್ಡ ಮಾಲ್‌ಗಳ ಮತ್ತು ಮೊಬೈಲ್ ಮೂಲಕ ನಡೆಯುವ ವ್ಯಾಪಾರದ ಹೊಡೆತಕ್ಕೆ ಸಿಲುಕಿದ್ದಾನೆ. ಆದರೆ ಸಂಘವು ಅಂಥವನ ಶತ್ರುವಾಗಬೇಕಿಲ್ಲ. ಒಂದೊಂದು ಅಂಗಡಿಗೆ ಒಂದೊಂದು ಸಂಘವೆಂಬುದು ನಡೆಯುವ ಮಾತಲ್ಲ. ಊರಿಗೊಂದು, ತಾಲೂಕಿಗೊಂದು ಅಂಗಡಿ ನೌಕರರ ಸಂಘವಿದ್ದರೆ ವೇತನ, ವೇಳೆ ಮತ್ತು ರಜೆಯ ನಿಯಮ ಇಡೀ ಪೇಟೆಗೆ ಒಂದೇ ಆಗುತ್ತದೆ. ಆಗ ನೌಕರನಿಗೆ ನ್ಯಾಯವಾಗಿ ಕೊಡುವ ಮಾಲಿಕನು, ಕೊಡದ ಪಕ್ಕದ ಅಂಗಡಿಯವನೆದುರು ಸೋಲಬೇಕಾಗಿಲ್ಲ. ಪ್ರಾಮಾಣಿಕ ಮಾಲಿಕನಿಗೆ ಸಂಘವು ರಕ್ಷೆಯೇ ಹೊರತು ಶಿಕ್ಷೆಯಲ್ಲ.

ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಅದು ಜಾರಿಗೊಂಡಿತು. ಏಳು ಮಂದಿ ಸೇರಿ ನೋಂದಣಿಗೆ ಅರ್ಜಿ ಹಾಕಬಹುದೆಂಬ ಹಳೆಯ ನಿಯಮ ಅದರಲ್ಲೂ ಉಳಿದಿದೆ. ಆ ಉದ್ಯಮದ ಕಾರ್ಮಿಕರಲ್ಲಿ ನೂರಕ್ಕೆ ಹತ್ತರಷ್ಟು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆಯನ್ನು ಎಲ್ಲ ಉದ್ಯಮಗಳಿಗೂ ವಿಧಿಸಿದ ಈ ಸಂಹಿತೆ ಕಾರ್ಮಿಕರ ಕೈ ಕಟ್ಟುತ್ತದೆಂಬ ಆಕ್ಷೇಪದಲ್ಲಿ ಹುರುಳಿದೆ. ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾವವನ್ನು 2025ರಲ್ಲಿ ರಾಜ್ಯ ಸರಕಾರ ಮುಂದಿಟ್ಟಾಗ ಗಟ್ಟಿಯಾಗಿ ವಿರೋಧಿಸಿದ್ದು ಸಂಘಟಿತ ನೌಕರರು. ಆ ಚರ್ಚೆಯಲ್ಲಿ ಸಣ್ಣ ಪಟ್ಟಣದ ಅಂಗಡಿ ನೌಕರನ ದನಿ ಕೇಳಿಸಲಿಲ್ಲ. ಸಂಘವಿಲ್ಲದವನ ಪರವಾಗಿ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಸಂಘಗಳಲ್ಲೂ ದೋಷಗಳಿವೆ. ಕೆಲವು ಪಕ್ಷಗಳ ಬಾಲವಾಗಿವೆ. ಕೆಲವು ಕಡೆ ಮುಖಂಡರು ಮಾಲಿಕರೊಂದಿಗೆ ಒಳಒಪ್ಪಂದ ಮಾಡಿಕೊಳ್ಳುತ್ತಾರೆ. ಚಂದಾ ಹಣಕ್ಕೆ ಲೆಕ್ಕವಿರುವುದಿಲ್ಲ. ಆದರೆ ಮದ್ರಸಾ ಸಮಿತಿಯಲ್ಲಿ ಲೆಕ್ಕ ತಪ್ಪಿತೆಂದು ನಾವು ಮದ್ರಸಾ ಮುಚ್ಚುವುದಿಲ್ಲ, ಸಮಿತಿಯನ್ನು ಸರಿಪಡಿಸುತ್ತೇವೆ. ಲೆಕ್ಕ ಬಹಿರಂಗವಾಗಿರುವ, ಚುನಾವಣೆ ನಡೆಸುವ, ಮುಷ್ಕರವನ್ನು ಕೊನೆಯ ದಾರಿಯೆಂದು ಬಗೆಯುವ ಸಂಘವನ್ನು ನೌಕರರು ಆರಿಸಿಕೊಳ್ಳಲಿ, ಇಲ್ಲವಾದರೆ ಕಟ್ಟಿಕೊಳ್ಳಲಿ. ಜೊತೆಗೆ, ಮಾಲಿಕನ ಸರಕು ತಮ್ಮ ಕೈಯಲ್ಲಿರುವ ಅಮಾನತ್ತು ಎಂಬುದನ್ನೂ ಮರೆಯದಿರಲಿ. ಹಕ್ಕು ಕೇಳುವ ಬಾಯಿಗೆ ಬಲ ಬರುವುದು ಶುದ್ಧವಾದ ಕೈಯಿಂದ.

ಈ ಸಂಘವು ಮುಸ್ಲಿಮ್ ನೌಕರರ ಸಂಘವಾಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. 2022ರಲ್ಲಿ ರಾಜ್ಯದ ಜಾತ್ರೆಗಳಿಂದ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡುವ ಕೂಗು ಎದ್ದಿತು. ಬೇಲೂರಿನ ಚೆನ್ನಕೇಶವ ರಥೋತ್ಸವಕ್ಕೂ ಅದು ತಟ್ಟಿತು. ಪೇಟೆಯನ್ನು ಧರ್ಮದ ಹೆಸರಿನಲ್ಲಿ ಸೀಳಲು ಹೊರಟವರಿಗೆ ಉತ್ತರ, ಪೇಟೆಯಲ್ಲಿ ಇನ್ನೊಂದು ಗೋಡೆ ಕಟ್ಟುವುದಲ್ಲ. ಒಂದೇ ಅಂಗಡಿಯಲ್ಲಿ ಒಂದೇ ಸಂಬಳಕ್ಕೆ ನಿಂತು ಕಾಲು ಊದಿಸಿಕೊಳ್ಳುವ ಹಿಂದೂ ಮತ್ತು ಮುಸ್ಲಿಮ್ ಯುವತಿಯರು ಒಂದೇ ಅರ್ಜಿಗೆ ಸಹಿ ಹಾಕಿದರೆ ಅದಕ್ಕಿಂತ ದೊಡ್ಡ ಸೌಹಾರ್ದ ಸಮಾವೇಶ ಬೇರೆ ಬೇಕಿಲ್ಲ.

ಹೆಣ್ಣುಮಕ್ಕಳ ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಮಗಳ ಸಂಬಳ ಮನೆಗೆ ಬೇಕು, ಆದರೆ ಅವಳು ಸಂಘದ ಸಭೆಗೆ ಹೋಗುವುದು ಬೇಡ ಎಂಬ ಧೋರಣೆ ನಮ್ಮ ಕುಟುಂಬಗಳಲ್ಲಿದೆ. ಕೆಲಸದ ಜಾಗದಲ್ಲಿ ಕಿರುಕುಳವಾದರೆ ದೂರು ಕೇಳಲು 2013ರ ಕಾಯ್ದೆ ಇದೆ. ಹತ್ತಕ್ಕಿಂತ ಕಡಿಮೆ ಮಂದಿಯಿರುವ ಅಂಗಡಿಯ ನೌಕರಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದನ್ನು ಅವಳಿಗೆ ತಿಳಿಸುವವರಾರು? ಜೊತೆಗೆ ನಿಲ್ಲುವವರಾರು? ಮಗಳನ್ನು ಒಬ್ಬಂಟಿಯಾಗಿ ಬಿಡುವುದು ಮರ್ಯಾದೆಯ ರಕ್ಷಣೆಯಲ್ಲ. ಅವಳ ಬೆನ್ನಿಗೆ ಹತ್ತು ಮಂದಿ ಇರುವುದೇ ಮರ್ಯಾದೆಯ ರಕ್ಷಣೆ.

ಜಮಾಅತ್ ಸಮಿತಿಗಳು ಒಂದು ಶುಕ್ರವಾರದ ಖುತ್ಬಾವನ್ನು ಕೂಲಿಯ ವಿಷಯಕ್ಕೆ ಮೀಸಲಿಡಲಿ. ನಮ್ಮ ಮಾಲಿಕರು ಬರುವ ರಮಝಾನ್‌ಗೆ ಮೊದಲೇ ನೌಕರರಿಗೆ ನೇಮಕಾತಿ ಪತ್ರ, ವಾರದ ರಜೆ ಮತ್ತು ಕೂರಲು ಆಸನ ಕೊಟ್ಟು ಮೇಲ್ಪಂಕ್ತಿ ಹಾಕಲಿ. ನೌಕರರು ಸಂಘ ಸೇರಲಿ, ಅದಕ್ಕಾಗಿ ಅವರನ್ನು ಕೆಲಸದಿಂದ ತೆಗೆಯುವ ಮಾಲಿಕನಿಗೆ ಮಸೀದಿಯ ಮೊದಲ ಸಾಲಿನಲ್ಲಿ ವಿಶೇಷ ಮನ್ನಣೆ ಸಿಗದಿರಲಿ. ಸಂಘ ಬೇಡವೆನ್ನುವವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ವರ್ತಕನಿಗೆ ಸಂಘ ಸಹಜವಾಗಿದ್ದರೆ, ಅವನ ಅಂಗಡಿಯ ನೌಕರನಿಗೆ ಮಾತ್ರ ಅದು ಅಪರಾಧವಾಗುವುದು ಯಾವ ನ್ಯಾಯದಲ್ಲಿ?