ನೀರು ಜಾರುವ ಬಟ್ಟೆಯಲ್ಲಿ ಮನೆಯಲ್ಲೇ ರೇನ್‌ಕೋಟ್ ಹೊಲಿದರೆ ಮಳೆ ತಡೆಯುತ್ತದೆಯೇ?

ಮಳೆಗಾಲ ಶುರುವಾಗುತ್ತಿದ್ದಂತೆ ಇಂಥ ವಿಡಿಯೋ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ಬಟ್ಟೆಯ ಮೇಲೆ ಒಂದು ಲೋಟ ನೀರು ಸುರಿಯುತ್ತಾರೆ. ಕೆಸುವಿನ ಎಲೆಯ ಮೇಲಿನಂತೆ ಹನಿಗಳು ಉರುಳಿ ಹೋಗುತ್ತವೆ. 'ಅಂಗಡಿಯ ರೇನ್‌ಕೋಟಿಗೆ ದುಡ್ಡು ಹಾಕಬೇಡಿ, ಈ ಬಟ್ಟೆ ತಂದು ಮನೆಯಲ್ಲೇ ಹೊಲಿಯಿರಿ' ಎಂಬ ಸಲಹೆ ಜೊತೆಗಿರುತ್ತದೆ.

ಇದು ನಿಜವೇ? ಅರ್ಧ ನಿಜ. ಮನೆಯಲ್ಲಿ ಒಳ್ಳೆಯ ರೇನ್‌ಕೋಟ್ ಹೊಲಿಯಬಹುದು. ಆದರೆ ಲೋಟ ನೀರಿನ ಆ ಪರೀಕ್ಷೆ ಮುಖ್ಯವಾದ ಎರಡು ವಿಷಯಗಳನ್ನು ಮುಚ್ಚಿಡುತ್ತದೆ.

ಹನಿ ಉರುಳಿದರೆ ಸಾಕೇ?

ಸಾಲದು. 'ವಾಟರ್ ರೆಸಿಸ್ಟೆಂಟ್' ಬೇರೆ, 'ವಾಟರ್‌ಪ್ರೂಫ್' ಬೇರೆ. ಮೊದಲನೆಯದರಲ್ಲಿ ಎಳೆಗಳಿಗೆ ನೀರು ಅಂಟದಂತೆ ಲೇಪನವಿರುತ್ತದೆ, ಎಳೆಗಳ ನಡುವಿನ ಸಣ್ಣ ಸಂದುಗಳು ಹಾಗೆಯೇ ಇರುತ್ತವೆ. ತುಂತುರು ಮಳೆಯಲ್ಲಿ ಹನಿ ಒಳಗೆ ನುಗ್ಗುವುದಿಲ್ಲ. ಆದರೆ ಒತ್ತಡ ಬಿದ್ದರೆ ನುಗ್ಗುತ್ತದೆ. ಬ್ಯಾಗಿನ ಪಟ್ಟಿ ಒತ್ತುವ ಹೆಗಲು, ಬೈಕಿನ ಸೀಟಿನ ಮೇಲೆ ಕೂರುವ ಭಾಗ ಮೊದಲು ಒದ್ದೆಯಾಗುವುದು ಇದಕ್ಕೇ.

ವಾಟರ್‌ಪ್ರೂಫ್ ಬಟ್ಟೆಯ ಒಳಮೈಗೆ ಸಾಮಾನ್ಯವಾಗಿ ಪಾಲಿಯುರೆಥೇನ್‌ನಂಥ ಪದರವಿದ್ದು, ಅದು ಸಂದುಗಳನ್ನು ಮುಚ್ಚಿರುತ್ತದೆ. ಇದರ ಶಕ್ತಿಯನ್ನು ನೀರಿನ ಎತ್ತರದಲ್ಲಿ ಅಳೆಯುತ್ತಾರೆ. ಲೇಬಲ್‌ನಲ್ಲಿ 3,000 ಮಿ.ಮೀ. ಎಂದಿದ್ದರೆ, ಮೂರು ಮೀಟರ್ ಎತ್ತರದ ನೀರಿನ ಒತ್ತಡದವರೆಗೆ ಬಟ್ಟೆ ಸೋರುವುದಿಲ್ಲ ಎಂದರ್ಥ.

ಲೇಬಲ್ ಇಲ್ಲದಿದ್ದರೆ ಹೀಗೆ ಮಾಡಿ: ಬಟ್ಟೆಯ ತುಂಡನ್ನು ಬಟ್ಟಲಿನ ಬಾಯಿಗೆ ಸಡಿಲವಾಗಿ ಕಟ್ಟಿ, ಗುಳಿಯಲ್ಲಿ ನೀರು ಹಾಕಿ ಅರ್ಧ ಗಂಟೆ ಬಿಡಿ. ಬೆರಳಿನಿಂದ ಸ್ವಲ್ಪ ಒತ್ತಿ. ಅಡಿಯಲ್ಲಿ ತೇವ ಕಂಡರೆ ಆ ಬಟ್ಟೆ ಜಡಿಮಳೆಗೆ ಆಗದು.

ಸೋರುವುದು ಹೊಲಿಗೆ

ವಿಡಿಯೋ ಹೇಳದ ಎರಡನೇ ವಿಷಯ ಇದು. ಒಂದು ಹೊಲಿಗೆ 2.5 ಮಿ.ಮೀ. ಎಂದುಕೊಳ್ಳಿ. ಒಂದು ಮೀಟರ್ ಹೊಲಿದರೆ ಸೂಜಿ ಸುಮಾರು 400 ತೂತು ಮಾಡುತ್ತದೆ. ಎರಡು ಸಾಲು ಹೊಲಿದರೆ 800.

ಇದು ಹೊಸ ಸಮಸ್ಯೆಯಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬಟ್ಟೆ ನೀರು ತಡೆಯಿತು, ಆದರೆ ದರ್ಜಿಗಳು ಹೊಲಿದ ಕೋಟುಗಳು ಸೂಜಿಯ ತೂತುಗಳಲ್ಲಿ ಸೋರಿದವು.

ಹಾಗಾದರೆ ಹೊಲಿಯುವುದು ಹೇಗೆ?

• ಹೆಗಲು ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಆದಷ್ಟು ಜೋಡಣೆ ಬರದಂತೆ ಕತ್ತರಿಸಿ.
• ತೆಳುವಾದ ಹೊಸ ಸೂಜಿ ಬಳಸಿ. ಹೊಲಿಗೆಯನ್ನು 3ರಿಂದ 4 ಮಿ.ಮೀ.ಗೆ ಹಿಗ್ಗಿಸಿ, ತೂತು ಕಡಿಮೆಯಾಗುತ್ತದೆ.
• ಹತ್ತಿ ದಾರ ನೀರು ಹೀರಿ ಒಳಗೆ ಎಳೆಯುತ್ತದೆ. ಪಾಲಿಯೆಸ್ಟರ್ ದಾರವೇ ಸರಿ.
• ಗುಂಡುಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ. ಬದಲು ಕ್ಲಿಪ್ ಹಾಕಿ. ತಪ್ಪು ಹೊಲಿದು ಬಿಚ್ಚಿದರೂ ತೂತು ಉಳಿಯುತ್ತದೆ.
• ಲೇಪನದ ಮೈ ಒಳಗೆ ಬರಲಿ. ಎಲ್ಲ ಜೋಡಣೆಗಳಿಗೂ ಒಳಗಿನಿಂದ ಸೀಮ್ ಟೇಪ್ ಅಥವಾ ಸೀಮ್ ಸೀಲರ್ ಹಚ್ಚಿ. ಇಸ್ತ್ರಿಯಿಂದ ಅಂಟಿಸುವ ಟೇಪ್ ಆದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿ ಇಡಿ. ನೈಲಾನ್ ಬೇಗ ಕರಗುತ್ತದೆ.
• ಜಿಪ್ಪಿನ ಮೇಲೆ ಅಗಲವಾದ ಪಟ್ಟಿ ಬರಲಿ, ಹೆಂಚಿನ ಮೇಲೆ ಹೆಂಚು ಕೂರುವಂತೆ.

ಕೋಟು ಹೊಲಿಯುವ ಮೊದಲು ಒಂದು ಸಣ್ಣ ತುಂಡಿನಲ್ಲಿ ಹೊಲಿದು, ಟೇಪ್ ಹಚ್ಚಿ, ಅದೇ ಬಟ್ಟಲಿನ ಪರೀಕ್ಷೆ ಮಾಡಿ.

ಮೇಣದಬತ್ತಿ ಉಜ್ಜಿದರೆ?

ಇದೂ ಓಡಾಡುವ ಸಲಹೆಯೇ. ದಪ್ಪ ಹತ್ತಿ ಬಟ್ಟೆಗೆ ಮೇಣ ಹಚ್ಚುವ ಪದ್ಧತಿ ಬ್ರಿಟನ್ನಿನಲ್ಲಿ ಹಳೆಯದು, ಕೆಲಸವನ್ನೂ ಮಾಡುತ್ತದೆ. ಆದರೆ ನುಣುಪಾದ ನೈಲಾನ್, ಪಾಲಿಯೆಸ್ಟರ್ ಮೇಲೆ ಮೇಣ ಸರಿಯಾಗಿ ಹಿಡಿಯದೆ ಉದುರುತ್ತದೆ. ಮೇಣ ಹೀರಿದ ಹತ್ತಿ ಬಟ್ಟೆ ಬೆಂಕಿ ತಗುಲಿದರೆ ದೀಪದ ಬತ್ತಿಯಂತೆ ಉರಿಯುತ್ತದೆ. ಅದನ್ನು ಹಾಕಿಕೊಂಡು ಒಲೆಯ ಬಳಿ ಹೋಗಬೇಡಿ. ಮೇಣವನ್ನು ನೇರವಾಗಿ ಗ್ಯಾಸ್ ಉರಿಯ ಮೇಲೆ ಕರಗಿಸಲೂಬೇಡಿ.

ಒಳಗೆ ಒದ್ದೆಯಾದರೆ ಸೋರಿದಂತೆಯೇ?

ಯಾವಾಗಲೂ ಅಲ್ಲ. ನೀರು ಬಿಡದ ಪದರ ಬೆವರಿನ ಆವಿಯನ್ನೂ ಸುಲಭವಾಗಿ ಹೊರಬಿಡದು. ಆವಿ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ. ಜೋಡಣೆಯ ಗೆರೆಗುಂಟ ಮಾತ್ರ ಒದ್ದೆಯಿದ್ದರೆ ಅದು ಸೋರಿಕೆ. ಒಳಗೆಲ್ಲ ತೇವವಿದ್ದರೆ ಹೆಚ್ಚಾಗಿ ಬೆವರು. ಕಂಕುಳಲ್ಲಿ ಗಾಳಿಕಿಂಡಿ ಇಟ್ಟರೆ ಇದು ಕಡಿಮೆಯಾಗುತ್ತದೆ.

ಬೈಕ್ ಓಡಿಸುವವರಿಗೆ ಇನ್ನೊಂದು ಮಾತು. ಸಡಿಲವಾಗಿ ಇಳಿಬಿದ್ದ ಅಂಚು ಚಕ್ರಕ್ಕೆ ಸಿಕ್ಕಬಹುದು. ಮಳೆಯ ಮಬ್ಬಿನಲ್ಲಿ ಕಪ್ಪು ಬಣ್ಣ ಹಿಂದಿನ ವಾಹನದವರಿಗೆ ಕಾಣದು. ತಿಳಿ ಹಳದಿಯಂಥ ಬಣ್ಣ ಆರಿಸಿ, ಬೆನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಹಾಕಿ.

ಆ ವಿಡಿಯೋ ಇನ್ನೊಬ್ಬರಿಗೆ ಕಳಿಸುವುದಾದರೆ ಈ ಒಂದು ಸಾಲನ್ನೂ ಸೇರಿಸಿ: ಬಟ್ಟೆ ನೋಡಿದರೆ ಸಾಲದು, ಹೊಲಿಗೆಯ ತೂತು ಮುಚ್ಚಬೇಕು.